ಸದ್ದು ತಗ್ಗಿಸಿದ ಮೇಲೆ ಉಳಿದ ಚುಕ್ಕಿ

ಕತ್ತಲೆ ಕೋಣೆಯ ಗೋಡೆಯ ಮೇಲೆ ಕೆಂಪು ಚುಕ್ಕಿಯೊಂದು ಕುಣಿಯುತ್ತಿತ್ತು. ಕುಣಿಯಬಾರದಿತ್ತು.

ಅವಳು ಬೆಳಗಿನಿಂದ ಕನ್ನಡಿಗಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿ ಆ ಚುಕ್ಕಿಯನ್ನು ನಿಲ್ಲಿಸಲು ಹೆಣಗಿದ್ದಳು. ಪರದೆಯಾಚೆಯಿಂದ ಯಾರೋ ಗುನುಗುತ್ತಿದ್ದರು. ಸ್ವರವೇನೋ ಚೆನ್ನಾಗಿತ್ತು, ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

"ಯಾರದು ಅಲ್ಲಿ? ಹಾಡು ಸ್ವಲ್ಪ ನಿಲ್ಲಿಸ್ತೀರಾ?"

ಹಾಡು ನಿಂತಿತು. ಚುಕ್ಕಿ ನಿಲ್ಲಲಿಲ್ಲ.

"ನಿಲ್ಲಿಸಿದೆ. ಈಗ ಸರಿಹೋಯ್ತಾ?"

"ಇಲ್ಲ. ಈಗಲೂ ಕುಣೀತಿದೆ."

"ಹಾಗಾದ್ರೆ ತಪ್ಪು ನನ್ನ ಹಾಡಿಂದಲ್ಲ. ಕ್ಷಮೆ ಕೇಳಿ."

ಅವಳು ಪರದೆಯನ್ನು ಸರ್ರನೆ ಸರಿಸಿದಳು. ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದ ಯುವಕನೊಬ್ಬ ಬೆಸುಗೆ ಹಾಕುವ ಕಡ್ಡಿ ಹಿಡಿದು ಕಣ್ಣರಳಿಸಿದ. ಅವನ ಬೂಟಿನ ತುದಿ ಮೇಜಿನ ಕಾಲಿಗೆ ತಾಳ ಹಾಕುತ್ತಲೇ ಇತ್ತು.

"ಹಾಡು ಬಾಯಲ್ಲಿ ನಿಂತಿದೆ ಸ್ವಾಮಿ, ಕಾಲಲ್ಲಿ ನಿಂತಿಲ್ಲ."

ಅವನು ತನ್ನ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದ. ಆಮೇಲೆ ಅವಳನ್ನು ನೋಡಿದ. ಆ ನೋಟ ಮೊದಲು ಅವಳ ಹಣೆಯ ಮೇಲಿನ ಸುಕ್ಕಿಗೆ ಹೆದರಿತು, ನಂತರ ಅವಳ ಎಡಗೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನ ಮೇಲೆ ಕುಳಿತಿತು, ಕೊನೆಗೆ ಮೆಲ್ಲನೆ ಅವಳ ಕಣ್ಣಿಗೇರಿ ಅಲ್ಲಿಯೇ ಉಳಿಯಿತು.

"ನೀವು ಬೆಳಕಿನವರಾ?"

"ನೀವು ಸದ್ದಿನವರಾ ಅಂತ ನಾನು ಕೇಳಬೇಕಾಗೇ ಇಲ್ಲ."

ಅವನು ನಕ್ಕ. ಗೋಡೆಯ ಮೇಲಿನ ಚುಕ್ಕಿ ನಿಂತಿತ್ತು. ಅವಳೊಳಗೆ ಬೇರೇನೋ ಕುಣಿಯಲು ತೊಡಗಿತ್ತು.

*

ಆ ಪ್ರಯೋಗಾಲಯದಲ್ಲಿ ರಾಡಾರಿನ ಸಂಕೇತವನ್ನು ಸದ್ದಿನಿಂದಲೂ ಬೆಳಕಿನಿಂದಲೂ ಓದುವ ಕೆಲಸ ನಡೆಯುತ್ತಿತ್ತು. ಬಂದರಿನ ಹಿಂದಿನ ಗುಡ್ಡದ ಮೇಲಿರುವ ರಾಡಾರು ಸಮುದ್ರದತ್ತ ಅಲೆ ಕಳುಹಿಸುತ್ತದೆ. ಹಡಗಿಗೆ ತಾಗಿದ ಅಲೆ ಮರಳಿ ಬರುತ್ತದೆ. ಮರಳಿದ್ದನ್ನು ಬೆರಳಗಲದ ಹರಳೊಂದರೊಳಗೆ, ಯಾವ ಕಿವಿಗೂ ಕೇಳದ ಸದ್ದಾಗಿ ಓಡಿಸುತ್ತಾರೆ. ಕೊಳದ ನೀರಿನ ಮೇಲೆ ತೆರೆ ಏಳುವಂತೆ ಹರಳಿನೊಳಗೆ ಸದ್ದಿನ ತೆರೆ ಏಳುತ್ತದೆ. ಆ ತೆರೆಗಳ ಅಡ್ಡಕ್ಕೆ ಲೇಸರ್ ಬೆಳಕನ್ನು ಹಾಯಿಸಿದರೆ ಬೆಳಕು ಬಾಗುತ್ತದೆ. ದೂರದ ಹಡಗಿನದು ಎತ್ತರದ ಸ್ವರ, ಹೆಚ್ಚು ಬಾಗು. ಹತ್ತಿರದ ಹಡಗಿನದು ತಗ್ಗಿನ ಸ್ವರ, ಕಡಿಮೆ ಬಾಗು. ಹೀಗೆ ಸಮುದ್ರದ ಮೇಲಿನ ಪ್ರತಿಯೊಂದು ಹಡಗೂ ತನ್ನ ದೂರಕ್ಕೆ ತಕ್ಕ ಜಾಗದಲ್ಲಿ ಒಂದು ಚುಕ್ಕಿಯಾಗಿ ಬಂದು ಕೂರುತ್ತದೆ. ಅಲ್ಲಿ ಲೆಕ್ಕ ಹಾಕುವವರು ಯಾರೂ ಇಲ್ಲ. ಬೆಳಕೇ ಲೆಕ್ಕ, ಬೆಳಕೇ ಉತ್ತರ.

ಹರಳಿಗೆ ಸದ್ದನ್ನು ಊಡುವುದು ಅವನ ಕೆಲಸ. ಅದರಿಂದ ಹೊರಬಂದ ಬೆಳಕನ್ನು, ಅದನ್ನು ಗುರುತಿಸುವ ಪುಟ್ಟ ಕಣ್ಣುಗಳ ಸಾಲಿರುವ ಡಬ್ಬಿಯೊಳಗೆ, ಸರಿಯಾದ ಜಾಗಕ್ಕೆ ತಲುಪಿಸುವುದು ಅವಳ ಕೆಲಸ. ಸದ್ದು ಅವಳ ಕಣ್ಣಿಗೆ ಕಾಣದು, ಬೆಳಕು ಅವನ ಕಿವಿಗೆ ಕೇಳದು. ಒಬ್ಬರು ಸರಿಯಿದೆ ಎಂದರೆ ಇನ್ನೊಬ್ಬರು ಸರಿಯಿದೆ ಎಂದೇ ನಡೆಯಬೇಕು. ನಂಬಿಕೆ ಎಂಬುದು ಅಲ್ಲಿ ಬರಿಯ ಭಾವನೆಯಾಗಿರಲಿಲ್ಲ. ಹರಳಿನಂತೆ, ಕನ್ನಡಿಯಂತೆ, ಅದೂ ಆ ಯಂತ್ರದ ಒಂದು ಭಾಗವಾಗಿತ್ತು.

ಅವನು ಅವಳಿಗೆ ಎಡಚಿ ಎಂದು ಹೆಸರಿಟ್ಟ. ಅವಳು ಬರೆಯುವುದು, ತಿರುಪು ಬಿಗಿಯುವುದು, ಚಹಾದ ಲೋಟ ಎತ್ತುವುದು ಎಲ್ಲವೂ ಎಡಗೈಯಲ್ಲೇ. ವಾರ ಕಳೆಯುವುದರೊಳಗೆ ಇಡೀ ಪ್ರಯೋಗಾಲಯವೇ ಅವಳನ್ನು ಎಡಚಿ ಎಂದು ಕರೆಯಿತು. ಮುಖ್ಯಸ್ಥೆಯಾದ ಮೇಡಂ ಕೂಡ, ತುಟಿ ಬಿಗಿಹಿಡಿದು, "ಆ ಎಡಚಿಯನ್ನ ಸ್ವಲ್ಪ ಕರೀರಿ" ಎನ್ನುವಂತಾಯಿತು.

ಕನ್ನಡಿಗಳನ್ನು ಸರಿಯಾಗಿ ನಿಲ್ಲಿಸಿ, ಡಬ್ಬಿಯ ಮುಚ್ಚಳ ಬಿಗಿದ ಮೇಲೆ ಪ್ರತಿಯೊಂದು ಸ್ಕ್ರೂವಿನ ತಲೆಗೂ ಉಗುರುಬಣ್ಣದ ಒಂದು ಎಳೆ ಹಚ್ಚುವುದು ಅಲ್ಲಿನ ಪದ್ಧತಿ. ಯಾರಾದರೂ ಸ್ಕ್ರೂ ತಿರುಗಿಸಿದರೆ ಬಣ್ಣ ಬಿರುಕು ಬಿಡುತ್ತದೆ, ಕೈಯಾಡಿಸಿದ್ದು ತಿಳಿಯುತ್ತದೆ. ಅದು ಬೆಳಕಿನವಳ ಮುದ್ರೆ. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ.

ಅವಳ ಹಳೆಯ ಶೀಶೆ ಒಣಗಿಹೋದಾಗ ಅವನು ಎರಡು ಶೀಶೆ ತಂದ. ಎರಡೂ ಒಂದೇ ಗುಲಾಬಿ ಬಣ್ಣದವು.

"ಒಂದು ನಿನ್ನ ಸ್ಕ್ರೂಗೆ. ಇನ್ನೊಂದು ನಿನ್ನ ಉಗುರಿಗೆ."

"ಉಗುರಿಗೆ ಹಚ್ಚಿಕೊಂಡು ಲೆನ್ಸ್ ಮುಟ್ಟಿದ್ರೆ ಮೇಡಂ ನನ್ನ ಉಗುರನ್ನೇ ಕಿತ್ತು ಕೈಗೆ ಕೊಡ್ತಾರೆ."

"ಹಾಗಾದ್ರೆ ಇದನ್ನ ಏನು ಮಾಡ್ಲಿ? ನಾನು ಹಚ್ಕೊಳ್ಲಾ?"

"ನೀನೇ ಇಟ್ಕೊಂಡಿರು. ಮದುವೆ ದಿನ ಕೊಡು."

ಮಾತು ಬಾಯಿಂದ ಜಾರಿತ್ತು. ಅವಳು ತಕ್ಷಣ ಬಗ್ಗಿ, ಯಾವ ಧೂಳೂ ಇಲ್ಲದ ಕನ್ನಡಿಯ ಧೂಳು ಒರೆಸತೊಡಗಿದಳು. ಅವನು ಅವಳ ಕಿವಿಯ ಅಂಚು ಕೆಂಪೇರುವುದನ್ನು ನಿಧಾನವಾಗಿ ನೋಡಿದ.

"ಯಾರ ಮದುವೆ?"

"ಯಾರದಾದ್ರೂ ಒಂದು."

"ಆಯ್ತು" ಎಂದು ಅವನು ಆ ಶೀಶೆಯನ್ನು ಅಂಗಿಯ ಜೇಬಿಗೆ, ಎದೆಯ ಬಳಿ ಇಳಿಸಿಕೊಂಡ. "ಆ ದಿನದವರೆಗೆ ಇದರ ಮುಚ್ಚಳ ತೆಗೆಯಲ್ಲ. ಮಾತು ಕೊಟ್ಟೆ."

*

ಕೆಲಸ ಕೈಗೂಡುತ್ತಾ ಬಂದಾಗ ಒಂದು ತೊಡಕು ಎದುರಾಯಿತು. ಬಂದರಿನ ಬಾಯಲ್ಲಿ ಒಂದರ ಹಿಂದೊಂದು ಎರಡು ಕಬ್ಬಿಣದ ಗೋಪುರಗಳಿದ್ದವು. ಎರಡರ ಪ್ರತಿಧ್ವನಿಯೂ ಬಲವಾದದ್ದು. ಎರಡು ಬಲವಾದ ಸದ್ದುಗಳು ಒಂದೇ ಹರಳಿನೊಳಗೆ ಒಟ್ಟಿಗೆ ಓಡಿದರೆ ಅವು ಒಂದಕ್ಕೊಂದು ತಿಕ್ಕಿ, ಇಲ್ಲದ ಮೂರನೆಯದೊಂದನ್ನು ಹುಟ್ಟಿಸುತ್ತವೆ. ಗೋಪುರಗಳ ನಡುವೆ ಎಷ್ಟು ಅಂತರವೋ, ಎರಡನೆಯ ಗೋಪುರದಿಂದ ಅಷ್ಟೇ ಆಚೆಗೆ, ಖಾಲಿ ನೀರಿನ ಮೇಲೆ, ಒಂದು ಸುಳ್ಳು ಚುಕ್ಕಿ. ಇಂಥದೇ ಇನ್ನೊಂದು ಈಚೆಗೆ, ದಡದ ಗೋದಾಮುಗಳ ಮೇಲೆ ಬೀಳುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ನೀರಿನ ಮೇಲಿನದಕ್ಕೆ ಅವರಿಬ್ಬರೂ ನೆಂಟ ಎಂದು ಹೆಸರಿಟ್ಟರು.

"ಕರೀದೇ ಬಂದಿದ್ದಾನೆ, ಹೋಗೋ ಮಾತೇ ಆಡಲ್ಲ" ಎಂದ ಅವನು.

"ಕಳಿಸೋ ದಾರಿ ನಂಗೊತ್ತು. ಸದ್ದು ತಗ್ಗಿಸು."

ಅವನು ಗುಂಡಿ ತಿರುಗಿಸಿ ಸದ್ದಿನ ಬಲ ತಗ್ಗಿಸಿದ. ಗೋಪುರಗಳ ಚುಕ್ಕಿಗಳು ಕೊಂಚ ಮಂಕಾದವು, ಅಷ್ಟೇ. ನೆಂಟ ಮಾತ್ರ ಎಲ್ಲರಿಗಿಂತ ಮೊದಲೇ ನಂದಿಹೋದ.

"ನೋಡಿದ್ಯಾ?" ಎಂದಳು ಅವಳು, ಪಾಠ ಹೇಳುವವಳ ಸಂತೋಷದಿಂದ. "ಸದ್ದು ತಗ್ಗಿಸಿದ್ರೆ ನಿಜವಾದದ್ದು ಮೆತ್ತಗಾಗುತ್ತೆ. ಸುಳ್ಳು ಸತ್ತೇ ಹೋಗುತ್ತೆ."

"ಆದ್ರೆ ದೂರದ ಹಡಗುಗಳೂ ಕಾಣಲ್ವಲ್ಲೇ! ಇಷ್ಟು ದೂರ ಕಾಣಿಸ್ತೀವಿ ಅಂತ ಬಂದರಿನವರಿಗೆ ಒಪ್ಪಿಕೊಂಡಿದ್ದೀವಿ."

"ಅಷ್ಟು ಕಾಣಲ್ಲ ಅಂತ ಹೇಳೋಣ. ಇರೋದನ್ನ ಹೇಳೋಕೆ ಏನು ನಾಚಿಕೆ?"

ಅವನು ಗುಂಡಿಯನ್ನು ಮೊದಲಿದ್ದಲ್ಲಿಗೇ ತಿರುಗಿಸಿದ. ಈ ಕೆಲಸ ಗೆದ್ದರೆ ಸದ್ದಿನ ವಿಭಾಗಕ್ಕೆ ಅವನೇ ಮುಖ್ಯಸ್ಥನೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವನೂ ಆ ಮಾತನ್ನು ಮನಸ್ಸಿನಲ್ಲಿ ಗುನುಗಿಕೊಳ್ಳುತ್ತಿದ್ದ. ಆ ಗುನುಗು ಅವಳಿಗೆ ಕೇಳಿಸಿರಲಿಲ್ಲ.

"ಒಂದು ದಿನ ಕೊಡು" ಎಂದ ಕೊನೆಗೆ. "ಹರಳಿಗೆ ಸದ್ದು ಸೇರೋ ಜಾಗದಲ್ಲಿ ಏನೋ ಸರಿಪಡಿಸಬಹುದು. ನೀನು ನಾಳೆ ರಜೆ ಹಾಕಿ ಮನೇಲಿ ನಮ್ಮ ವಿಷಯ ಹೇಳಿ ಬಾ. ನೀನು ಬರೋಷ್ಟರಲ್ಲಿ ನೆಂಟನೂ ಹೊರಟಿರ್ತಾನೆ."

ಅವಳು ಮನೆಗೆ ಹೋದಳು. ಅವಳ ಬದುಕಿನ ಅತ್ಯಂತ ಶುಭ್ರವಾದ ದಿನ ಅದು. ತಂದೆಯಿಲ್ಲದ ಆ ಮನೆಯಲ್ಲಿ ತಂದೆಯ ಜಾಗದಲ್ಲಿ ನಿಂತು ಬೆಳೆಸಿದವನು ಸೋದರಮಾವ. ಬಂದರಿನಲ್ಲಿ ಹಳದಿ ಬಣ್ಣದ ಸಣ್ಣ ದೋಣಿ ನಡೆಸುತ್ತಿದ್ದ. ಹಡಗುಗಳಿಗೆ ದಾರಿ ತೋರುವವರನ್ನು ಸಮುದ್ರದ ನಡುವೆ ಹಡಗಿಗೆ ಹತ್ತಿಸಿ ಬರುವುದು ಅವನ ಕೆಲಸ. ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಾವ ಮಾತ್ರ ಗದ್ದ ತುರಿಸಿಕೊಂಡ.

"ಹುಡುಗ ಏನು ಕೆಲಸ ಅಂದೆ? ಸದ್ದು ಮಾಡೋದಾ? ಈ ಮನೇಲಿ ಅದಕ್ಕೆ ನೀನೇ ಸಾಕಾಗಿತ್ತಲ್ಲೇ!"

"ಹೋಗು ಮಾವ!"

"ನಗಬೇಡ, ಒಂದು ಮಾತು ಹೇಳು. ನಂಬಬಹುದಾ ಅವನನ್ನ?"

"ನಂಬಬಹುದು ಮಾವ."

"ಹಾಗಾದ್ರೆ ಮುಗೀತು. ನಿನ್ನ ಮಾತಿನ ಮೇಲೆ ನಾನು ಕಣ್ಣು ಮುಚ್ಚಿ ಸಮುದ್ರಕ್ಕೆ ಇಳೀತೀನಿ."

ಮರುದಿನ ಅವಳು ಹಿಂದಿರುಗಿದಾಗ ಚುಕ್ಕಿಗಳನ್ನು ತೋರಿಸುವ ಪರದೆಯ ಮೇಲೆ ಗೋಪುರಗಳೆರಡೂ ಪೂರ್ಣ ಹೊಳಪಿನಲ್ಲಿದ್ದವು. ದೂರದ ಹಡಗುಗಳೂ ಇದ್ದವು. ನೆಂಟ ಇರಲಿಲ್ಲ.

"ಹೇಗೆ ಮಾಡ್ದೆ?"

"ಆಮೇಲೆ ಹೇಳ್ತೀನಿ. ಮೊದಲು ನೀನು ಹೇಳು, ಮನೇಲಿ ಏನಂದ್ರು?"

ಅವಳು ತಲೆಯಾಡಿಸಿದಳು. ಅವನು ಅವಳ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಆ ಬೆಚ್ಚನೆಯ ಹಿಡಿತದಲ್ಲಿ ಅವಳ ಪ್ರಶ್ನೆ ಕರಗಿಹೋಯಿತು. ಚುಕ್ಕಿಗಳನ್ನು ಎಣಿಸುವ ಕಣ್ಣುಗಳ ಸಾಲಿದ್ದ ಡಬ್ಬಿಯ ಮುಚ್ಚಳ ತೆರೆದು ನೋಡುವ ಯೋಚನೆ ಅವಳಿಗೆ ಬರಲೇ ಇಲ್ಲವೆಂದಲ್ಲ. ಬಂತು. ಪ್ರೀತಿಸುವವನನ್ನು ತಪಾಸಣೆ ಮಾಡುವುದು ಅವಳಿಗೆ ಅಸಹ್ಯವೆನಿಸಿತು. ಒಳ್ಳೆಯವರ ಇಂಥ ಸಂಕೋಚವನ್ನೇ ಮೋಸ ತನ್ನ ಮನೆಯಾಗಿ ಮಾಡಿಕೊಳ್ಳುತ್ತದೆ.

ಪರೀಕ್ಷೆಗೆ ಬಂದ ಬಂದರಿನವರ ಎದುರು ಅವಳು ಎದ್ದು ನಿಂತು ಹೇಳಿದಳು: "ಬೆಳಕಿನ ಭಾಗಕ್ಕೆ ನಾನು ಹೊಣೆ. ಈ ಪರದೆಯ ಮೇಲೆ ಕಾಣದಿದ್ದರೆ, ಅಲ್ಲಿ ಏನೂ ಇಲ್ಲ ಎಂದೇ ಅರ್ಥ."

ಅವನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

*

ಸಮುದ್ರದ ಮೇಲಿನ ಪರೀಕ್ಷೆಯ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅದಕ್ಕೆಂದೇ ಆ ಬೆಳಗನ್ನು ಆರಿಸಿದ್ದರು. ಸಣ್ಣ ದೋಣಿ ಕಾಣುತ್ತದೆಯೇ ಎಂದು ನೋಡಲು ಒಂದು ಸಣ್ಣ ದೋಣಿ ಬೇಕಿತ್ತು. ಮಾವ ತಾನೇ ಬರುವೆನೆಂದು ಹಟ ಹಿಡಿದಿದ್ದ.

ಗುಡ್ಡದ ಮೇಲಿನ ಕೋಣೆಯಲ್ಲಿ ಮೇಡಂ ಇದ್ದರು, ಅವನಿದ್ದ, ಮೈಕಿನ ಮುಂದೆ ಅವಳಿದ್ದಳು.

"ಏನಮ್ಮಾ, ಕಾಣ್ತಿದೀನಾ?" ಎಂದು ಮಾವನ ದನಿ ರೇಡಿಯೋದಲ್ಲಿ ಗೊರಗುಟ್ಟಿತು.

"ಚೆನ್ನಾಗಿ ಕಾಣ್ತಿದೀಯ ಮಾವ. ಮೊದಲನೇ ಗೋಪುರ ದಾಟ್ತಿದೀಯ."

"ತಲೆ ಬಾಚಿಲ್ಲ ಅನ್ನೋದೂ ಕಾಣುತ್ತಾ?"

ಮೇಡಂ ಕೂಡ ನಕ್ಕರು. ಮಾವನ ಚುಕ್ಕಿ ಎರಡನೆಯ ಗೋಪುರವನ್ನೂ ದಾಟಿತು. ಇನ್ನಷ್ಟು ಮುಂದೆ ಸರಿಯಿತು. ನಂತರ ಇಲ್ಲವಾಯಿತು.

ಅವಳು ಮುಂದಕ್ಕೆ ಬಾಗಿದಳು. "ಮಾವ? ಎಲ್ಲಿದೀಯ?" ರೇಡಿಯೋ ಬರಿದೆ ಕರಕರ ಎಂದಿತು. ಅದೇ ಹೊತ್ತಿಗೆ ಹೊರಡಲು ಸಜ್ಜಾಗಿದ್ದ ದೊಡ್ಡ ಹಡಗಿನಿಂದ ಪ್ರಶ್ನೆ ಬಂತು: ಮುಂದೆ ದಾರಿ ಹೇಗಿದೆ?

ಅವಳು ಅವನತ್ತ ತಿರುಗಿದಳು. "ಮಾವನ ಚುಕ್ಕಿ ಎಲ್ಲಿ?"

ಅವನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಆಗ ಅವಳಿಗೆ ಅದನ್ನು ಓದಲಾಗಲಿಲ್ಲ. ಮುಂದೆ ಎಷ್ಟೋ ಸಲ ಕಣ್ಣು ಮುಚ್ಚಿದಾಗ ಅದೇ ಮುಖ ಅಕ್ಷರ ಅಕ್ಷರವಾಗಿ ಓದಿಸಿಕೊಂಡಿತು.

"ಪಕ್ಕಕ್ಕೆ ತಿರುಗಿರ್ತಾರೆ. ದಾರೀಲಿ ಏನೂ ಇಲ್ಲ. ಹೇಳು."

"ಖಂಡಿತವಾಗಿ?"

"ಎಡಚಿ, ಹಡಗು ಕಾಯ್ತಿದೆ. ನನ್ನ ನಂಬು. ಹೇಳು."

ಅವಳು ಮೈಕಿನ ಗುಂಡಿ ಒತ್ತಿದಳು. "ದಾರಿ ಖಾಲಿ ಇದೆ."

ಸಣ್ಣ ದೋಣಿಗಳು ಎರಡನೆಯ ಗೋಪುರದಾಚೆ ಎಂಜಿನ್ ನಿಲ್ಲಿಸಿ ಹಡಗಿಗಾಗಿ ಕಾಯುವುದು ಬಂದರಿನಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಮಾವ ಅಲ್ಲಿಯೇ ಇದ್ದ. ಕಣ್ಣಿಗೆ ಮಂಜು, ಬೆನ್ನ ಹಿಂದೆ ಹಡಗಿನ ಗುಡುಗು. ಸದ್ದು ಕೇಳಿ ಎಂಜಿನ್ ಎಬ್ಬಿಸಿ ದೋಣಿಯನ್ನು ಹೊರಳಿಸಿದ್ದರಿಂದ ಜೀವ ಉಳಿಯಿತು. ದೋಣಿಯ ಒಂದು ಬದಿಯ ಕಟಾಂಜನ ಕಿತ್ತುಹೋಯಿತು, ಅವನ ಭುಜ ಕೀಲು ತಪ್ಪಿತು.

ದಡದಲ್ಲಿ ಮಾವ ಕಂಬಳಿ ಹೊದ್ದು ಕುಳಿತಿದ್ದ. ಅವಳು ಓಡಿಬಂದು ಎದುರು ನಿಂತಳು.

"ಏನಮ್ಮಾ" ಎಂದ ಮಾವ, ನಗಲು ನೋಡುತ್ತಾ. "ಇಷ್ಟು ದಪ್ಪ ಮನುಷ್ಯ ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

*

ಅದೇ ಮಧ್ಯಾಹ್ನ ಮೇಡಂ ಡಬ್ಬಿಯನ್ನು ಮೇಜಿನ ಮೇಲೆ ಇರಿಸಿ, ಭೂತಗನ್ನಡಿ ಹಿಡಿದು ನಾಲ್ಕು ಸ್ಕ್ರೂಗಳನ್ನೂ ಪರಿಶೀಲಿಸಿದರು.

"ಮುದ್ರೆ ಎಲ್ಲೂ ಒಡೆದಿಲ್ಲ. ಬಣ್ಣ ನಿನ್ನದೇ. ಬಿಚ್ಚು."

ಅವಳು ಬಿಚ್ಚಿದಳು. ಒಳಗೆ, ಬೆಳಕಿನ ಕಣ್ಣುಗಳ ಸಾಲಿನ ಮೇಲೆ, ಒಂದು ಕಡೆ, ಕಪ್ಪು ಹಾಳೆಯ ಕೂದಲಗಲದ ಪಟ್ಟಿಯೊಂದು ಅಂಟಿಕೊಂಡಿತ್ತು. ನೆಂಟ ಬಂದು ಕೂರುತ್ತಿದ್ದ ಜಾಗವೇ ಅದು. ನೆಂಟನನ್ನು ಕಳಿಸಿರಲಿಲ್ಲ, ಅವನು ಕೂರುವ ಜಾಗಕ್ಕೆ ಮುಸುಕು ಹಾಕಲಾಗಿತ್ತು. ಅದೇ ದೂರದಲ್ಲಿ ನಿಜವಾಗಿ ಯಾರು ನಿಂತರೂ, ಯಾರದೇ ಮಾವ ನಿಂತರೂ, ಕಾಣುವಂತಿರಲಿಲ್ಲ. ಎಷ್ಟು ನೇರವಾಗಿ ಕತ್ತರಿಸಿದ್ದರು! ಎಷ್ಟು ಶುಚಿಯಾಗಿ ಅಂಟಿಸಿದ್ದರು! ಪ್ರಾಮಾಣಿಕತೆಗೆ ಸಿಗದ ಶ್ರದ್ಧೆ ಕೆಲವೊಮ್ಮೆ ಸುಳ್ಳಿಗೆ ಸಿಗುತ್ತದೆ.

"ಇದೇನು?" ಎಂದರು ಮೇಡಂ.

ಅವಳು ಅವನನ್ನು ನೋಡಿದಳು. ಒಂದು ಕ್ಷಣ ಸಾಕಾಗಿತ್ತು. ನಾನು ಎಂಬ ಎರಡಕ್ಷರ ಅವನು ಹೇಳಿದ್ದರೆ ಉಳಿದದ್ದನ್ನೆಲ್ಲ ಅವಳು ಹೊತ್ತುಕೊಳ್ಳಲು ಸಿದ್ಧಳಿದ್ದಳು.

ಅವನು ಮೇಡಂ ಕಡೆಗೆ ತಿರುಗಿದ. "ಬೆಳಕಿನ ಭಾಗ ಅವರದ್ದು ಮೇಡಂ. ನಾನು ಆ ಡಬ್ಬಿ ಮುಟ್ಟೋದೇ ಇಲ್ಲ."

ಅವರದ್ದು! ಅಂದು ಬೆಳಗಿನವರೆಗೂ ಏ, ಕಣೇ, ಎಡಚಿ ಎನ್ನುತ್ತಿದ್ದ ಬಾಯಿಗೆ ಅವಳು ಇದ್ದಕ್ಕಿದ್ದಂತೆ ಮರ್ಯಾದೆಗೆ ಅರ್ಹಳಾದಳು. ಅಷ್ಟು ತಣ್ಣನೆಯ ಮರ್ಯಾದೆಯನ್ನು ಅವಳು ಯಾರಿಂದಲೂ ಪಡೆದಿರಲಿಲ್ಲ.

ಅವಳು ತಲೆ ತಗ್ಗಿಸಿದಳು. ತಗ್ಗಿದ ಕಣ್ಣಿಗೆ ಮೇಜಿನ ಮೇಲಿನ ಮುಚ್ಚಳ ಬಿತ್ತು. ಸ್ಕ್ರೂಗಳನ್ನು ತೆಗೆದಿದ್ದರೂ ಪ್ರತಿಯೊಂದು ತೂತಿನ ಪಕ್ಕದಲ್ಲೂ ಗುಲಾಬಿ ಬಣ್ಣದ ಒಂದು ಸಣ್ಣ ಬಾಲ ಉಳಿದಿತ್ತು. ಕುಂಚವನ್ನು ಎಳೆದು ಎತ್ತುವಾಗ ಉಳಿಯುವ ತೆಳುವಾದ ಬಾಲ. ನಾಲ್ಕೂ ಬಲಕ್ಕೆ ಚಾಚಿದ್ದವು.

ಡಬ್ಬಿಯೊಳಗಿನ ಲೆನ್ಸಿನ ಸ್ಕ್ರೂಗಳ ಮೇಲೆ ಅವಳು ಹಚ್ಚಿದ್ದ ಬಣ್ಣದ ಬಾಲಗಳು ಎಡಕ್ಕಿದ್ದವು.

ಅವಳಿಗೆ ಮೊದಲು ಹೊಳೆದದ್ದು ತಾನು ಪಾರಾಗಬಹುದೆಂದಲ್ಲ. ಆ ಶೀಶೆ ಎಲ್ಲಿಯದೆಂದು. ಮದುವೆಯ ದಿನದವರೆಗೆ ಮುಚ್ಚಳ ತೆಗೆಯುವುದಿಲ್ಲವೆಂದು ಎದೆಯ ಬಳಿ ಇಳಿಸಿಕೊಂಡ ಶೀಶೆ. ಅವಳು ಅಮ್ಮನ ಮುಂದೆ ಕುಳಿತು ಅವನ ಹೆಸರು ಹೇಳುತ್ತಿದ್ದ ಹೊತ್ತಿನಲ್ಲೇ ಅವನು ಅದರ ಮುಚ್ಚಳ ತೆಗೆದಿದ್ದ.

"ಮೇಡಂ, ಒಂದು ನಿಮಿಷ."

ಅವಳು ತನ್ನ ಶೀಶೆಯನ್ನು ತಂದಳು. ಒಂದು ಹಳೆಯ ತಗಡಿನ ತುಂಡಿನ ಮೇಲೆ, ಮಾತಿಲ್ಲದೆ, ಎಡಗೈಯಿಂದ ಒಂದು ಎಳೆ ಎಳೆದಳು. ಬಲದಿಂದ ಎಡಕ್ಕೆ. ಬಾಲ ಎಡಕ್ಕೆ ಉಳಿಯಿತು. ಅದನ್ನು ಮುಚ್ಚಳದ ಪಕ್ಕದಲ್ಲಿಟ್ಟಳು.

ಮೇಡಂ ಭೂತಗನ್ನಡಿಯನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸರಿಸಿದರು. ಆಮೇಲೆ ಅವನತ್ತ ತಿರುಗಿ, ದನಿ ಏರಿಸದೆ ಕೇಳಿದರು:

"ಇವಳನ್ನ ಎಡಚಿ ಅಂತ ಕರೆಯೋದನ್ನ ನಮಗೆಲ್ಲ ಕಲಿಸಿದ್ದು ಯಾರಪ್ಪಾ?"

ಅವನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಅಷ್ಟು ಸಾಕಾಗಿತ್ತು.

"ದಾರಿ ಖಾಲಿ ಅಂದಿದ್ದು ಮಾತ್ರ ನನ್ನ ಬಾಯಿ ಮೇಡಂ" ಎಂದಳು ಅವಳು. "ಬಂದರಿನವರಿಗೆ ಅದನ್ನ ನಾನೇ ಹೋಗಿ ಹೇಳ್ತೀನಿ. ಪಟ್ಟಿಯ ವಿಷಯ ಅವರೇ ಹೇಳಲಿ."

ಅವರು ಎಂಬ ಪದವನ್ನು ಅವಳೂ ಕಲಿತಿದ್ದಳು.

*

ಅವನು ಕೆಲಸ ಬಿಟ್ಟ ಸಂಜೆ, ಅದೇ ಕೋಣೆಯ ಪರದೆ ಸರಿಸಿ ಒಳಗೆ ಬಂದ. ಮೊದಲ ದಿನ ಅವಳು ಸರಿಸಿದ್ದ ಪರದೆ ಅದು. ಅವಳು ಸ್ಟೂಲಿನ ಮೇಲೆ ಕುಳಿತು ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಿದ್ದಳು.

"ನನ್ನ ಮಾತು ಕೇಳ್ತೀಯಾ?"

"ಹೇಳಿ."

"ನೀವು ಅನ್ನಬೇಡ, ದಮ್ಮಯ್ಯ!" ಅವನ ದನಿ ಏರಿತು. "ನಾನು ಇದನ್ನೆಲ್ಲ ಯಾರಿಗೋಸ್ಕರ ಮಾಡ್ದೆ? ನಮಗೋಸ್ಕರ! ಆ ಹುದ್ದೆ ಸಿಕ್ಕಿದ್ರೆ ನಿಮ್ಮ ಮನೆಯವರ ಮುಂದೆ ತಲೆಯೆತ್ತಿ ನಿಲ್ಲಬಹುದು ಅಂತ ಮಾಡ್ದೆ! ಆಮೇಲೆ ನಿಧಾನವಾಗಿ ಸರಿಮಾಡೋಣ ಅಂದ್ಕೊಂಡಿದ್ದೆ! ಮಾವ ಅಲ್ಲಿ ನಿಲ್ಲಲ್ಲ, ಸುಮ್ನೆ ದಾಟಿ ಹೋಗ್ತಾರೆ ಅಂತ... ನಂಗೇನು ಕನಸು ಬಿದ್ದಿತ್ತಾ? ನಿನ್ನನ್ನ ನಾನು ಎಷ್ಟು ಪ್ರೀತಿಸ್ತೀನಿ ಅಂತ ನಿಂಗೊತ್ತಿಲ್ವಾ?"

ಕೋಣೆಯೆಲ್ಲ ಅವನ ಸದ್ದಿನಿಂದ ತುಂಬಿತು. ಗೋಡೆಯ ಮೇಲಿನ ಚುಕ್ಕಿ ನಡುಗಿತು.

ಅವಳು ಆ ಚುಕ್ಕಿಯನ್ನು ನೋಡುತ್ತಾ ಕುಳಿತಿದ್ದಳು. ಅದು ನಿಂತ ಮೇಲೆ ಹೇಳಿದಳು:

"ಮೆತ್ತಗೆ ಹೇಳು."

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನೆಲ್ಲ. ಒಂದೊಂದಾಗಿ. ಸದ್ದು ತಗ್ಗಿಸಿ ಹೇಳು."

ಅವನಿಗೆ ಅರ್ಥವಾಯಿತು. ಆ ಪರೀಕ್ಷೆ ಅವನಿಗೂ ಗೊತ್ತಿತ್ತು; ಅದೇ ಕೋಣೆಯಲ್ಲಿ, ಅವನದೇ ಕೈ ಗುಂಡಿ ತಿರುಗಿಸಿತ್ತು. ಅವನು ಗೋಡೆಗೆ ಒರಗಿದ.

"ನಮಗೋಸ್ಕರ..." ಎಂದು ಶುರುಮಾಡಿದ ಪಿಸುದನಿಯಲ್ಲಿ. ಅಷ್ಟು ಮೆತ್ತಗಿನ ದನಿಯಲ್ಲಿ ಆ ಮಾತು ನಿಲ್ಲಲಾರದೆ ಹೋಯಿತು. ಅವನು ಅದನ್ನು ಪೂರ್ತಿ ಮಾಡಲಿಲ್ಲ.

"ಮಾವ ದಾಟಿ ಹೋಗ್ತಾರೆ ಅಂತ..." ಅದೂ ನಡುದಾರಿಯಲ್ಲಿ ನಂದಿತು.

ಅವಳು ಕಾದಳು.

"ನಿನ್ನನ್ನ ಪ್ರೀತಿಸ್ತೀನಿ" ಎಂದ ಕೊನೆಗೆ. ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಆದರೆ ಪೂರ್ತಿಯಾಗಿ.

ಅವಳ ಕಣ್ಣು ತುಂಬಿತು. ಅದು ನಿಜವಾಗಿತ್ತು. ನಿಜವಾಗಿರದಿದ್ದರೆ ಎಷ್ಟು ಸುಲಭವಾಗುತ್ತಿತ್ತು!

"ಗೊತ್ತು. ನಂಗೂ ಹಾಗೇ ಇದೆ. ಇವತ್ತೂ ಇದೆ. ಆದ್ರೆ ಮೇಡಂ ಮುಂದೆ ನೀನು ಬಾಯಿ ತೆಗೆದಾಗ ಅದು ಎಲ್ಲಿತ್ತು? ನನ್ನ ಬಣ್ಣದಲ್ಲಿ ನಿನ್ನ ಸುಳ್ಳಿಗೆ ಮುದ್ರೆ ಹಾಕಿದೆ. ಮಾವನ ಮೇಲೆ ಹಡಗು ಕಳಿಸೋಕೆ ನನ್ನ ಬಾಯಿ ಬಳಸಿದೆ. ಪ್ರೀತಿ ಇದ್ದೂ ಇಷ್ಟು ಮಾಡಿದ್ಯಲ್ಲ, ಅದೇ ನಂಗೆ ಭಯ."

"ಎಡಚಿ..."

"ಆ ಹೆಸರು ಕೊಟ್ಟವನು ನೀನೇ. ಊರೆಲ್ಲ ನೆನಪಿಟ್ಕೊಂಡಿತ್ತು. ಕುಂಚ ಹಿಡಿದಾಗ ನಿಂಗೆ ಮರೆತುಹೋಯ್ತು."

ಅವನು ಜೇಬಿನಿಂದ ಶೀಶೆ ತೆಗೆದು ಮೇಜಿನ ಮೇಲಿಟ್ಟ. ಅವಳು ಅದನ್ನು ಎಡಗೈಯಿಂದ ಮೆಲ್ಲನೆ ಅವನ ಕಡೆಗೇ ಸರಿಸಿದಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ಕೈ ತೆಗೆಯಲಿಲ್ಲ. ಆಮೇಲೆ ಅವನು ತೆಗೆದುಕೊಂಡು ಹೊರಟ. ಹೋಗುವಾಗ ಅವನ ಬೂಟುಗಳು ಯಾವ ತಾಳವನ್ನೂ ಹಾಕಲಿಲ್ಲ.

*

ಬಂದರಿನವರಿಗೆ ಹೊಸ ಮಾತು ಒಪ್ಪಿಸಲಾಯಿತು: ಇಷ್ಟೇ ದೂರ ಕಾಣುತ್ತದೆ, ಇದಕ್ಕಿಂತ ಹೆಚ್ಚು ಕಾಣದು. ಅವರು ಮುಖ ಸಿಂಡರಿಸಿದರು, ಕಡೆಗೆ ಒಪ್ಪಿದರು. ಸದ್ದಿನ ಗುಂಡಿಯನ್ನು ತಗ್ಗಿನಲ್ಲಿ ನಿಲ್ಲಿಸಿ ಅವಳು ಮುಚ್ಚಳ ಬಿಗಿದಳು. ಮುದ್ರೆಗೆ ಈ ಸಲ ಉಗುರುಬಣ್ಣವಿರಲಿಲ್ಲ. ಮಾವನ ದೋಣಿಯ ರಿಪೇರಿಯಲ್ಲಿ ಉಳಿದ ಹಳದಿ ಬಣ್ಣವಿತ್ತು. ಬಲದಿಂದ ಎಡಕ್ಕೆ ನಾಲ್ಕು ಎಳೆ ಎಳೆದಳು. ಕೊನೆಯ ಎಳೆಯ ಬಾಲ ವಕ್ರವಾಯಿತು. ಅದನ್ನು ಹಾಗೆಯೇ ಬಿಟ್ಟಳು.

ಎರಡನೆಯ ಗೋಪುರದಾಚೆ ನೆಂಟ ಇರಲಿಲ್ಲ. ಅಲ್ಲಿ ಈಗ ಒಂದು ಮಂಕಾದ ಚುಕ್ಕಿ ಬಂದು ನಿಂತಿತು.

"ಏನಮ್ಮಾ, ಕಾಣ್ತಿದೀನಾ?"

"ಕಾಣ್ತಿದೀಯ ಮಾವ." ಅವಳು ಕಣ್ಣೊರೆಸಿಕೊಂಡಳು. "ಸ್ವಲ್ಪ ಮಂಕಾಗಿ."

"ಮಂಕಾದ್ರೆ ಆಗಲಿ ಬಿಡು" ಎಂದಿತು ರೇಡಿಯೋ. "ಇದೀನಲ್ಲ."